ಮೂರು ಪತ್ರಗಳು

ಮರಣವು ಯಾರನ್ನೂ ಬಿಟ್ಟದ್ದಲ್ಲವೆಂದು ನಾವು ದಿನವೂ ಆಡುವೆವು. ಆದರೆ ಮನೆಯ ಹಿರಿಯನೊಬ್ಬನು ತನ್ನ ಅಂತ್ಯಕಾಲದ ಏರ್ಪಾಟನ್ನು ಮಾತಿಗೆ ತಂದೊಡನೆ "ಬಿಡ್ತು ಅನ್ನಿ" ಎಂದು ಅವನ ಬಾಯನ್ನು ಮುಚ್ಚಿಸುವೆವು. ನನಗೆ 71 ತುಂಬಿದ ಬಳಿಕ ನಾನು ಮೂರು ಪತ್ರಗಳನ್ನು ಬರೆದೆನು. ಎರಡು ಸುಲಭವಾಗಿ ಮುಗಿದವು. ಮೂರನೆಯದು ಮನೆಯವರ ಮನಸ್ಸನ್ನೆಲ್ಲ ಕದಡಿತು. ಆ ಅನುಭವವನ್ನು ವಾಚಕರ ಮುಂದಿಡುವುದು ನಿಷ್ಪ್ರಯೋಜಕವಾಗದೆಂದು ನಂಬಿದ್ದೇನೆ.

ಮೊದಲನೆಯದು ಮರಣಶಾಸನ, ಎಂದರೆ ಉಯಿಲು. ಇದಕ್ಕೆ ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದಂತೆ ಬರೆದವನು ರುಜು ಹಾಕಿ, ಅದನ್ನು ಕಂಡ ಇಬ್ಬರು ಸಾಕ್ಷಿಗಳು ಅವನ ಸಮಕ್ಷಮದಲ್ಲಿ ರುಜು ಹಾಕಿದರೆ ಸಾಕು. ಅವರು ಒಳಗಿನ ಒಕ್ಕಣೆಯನ್ನು ಓದಬೇಕಾಗಿಲ್ಲ. ಬುದ್ಧಿಯು ಸ್ತಿಮಿತದಲ್ಲಿರುವವರೆಗೆ ಎಷ್ಟು ಸಲ ಬೇಕಾದರೂ ಅದನ್ನು ಮಾರ್ಪಡಿಸಬಹುದು. ನನ್ನ ಸ್ವಯಾರ್ಜಿತವೆಂದರೆ ಒಂದು ಮನೆ, ಸ್ವಲ್ಪ ಠೇವಣಿ, ಎರಡು ಬೀರು ಪುಸ್ತಕ. ಒಂದು ಹಾಳೆಯಲ್ಲಿ ಕೆಲಸ ತೀರಿತು.

ಎರಡನೆಯದು ಮುಖ್ತಾರುನಾಮೆ. ಬ್ಯಾಂಕಿಗೂ ಕಚೇರಿಗೂ ಅಲೆಯುವ ಶಕ್ತಿ ಕುಂದಿತೆಂದು ಮಗನಿಗೆ ಬರೆದುಕೊಟ್ಟೆನು. ಇದರಲ್ಲಿ ಅನೇಕರು ಗಮನಿಸದ ತೊಡಕೊಂದಿದೆ. 1872ರ ಕರಾರು ಅಧಿನಿಯಮದ ಮೇರೆಗೆ, ಅಧಿಕಾರ ಕೊಟ್ಟವನು ಸತ್ತಾಗಲೂ ಬುದ್ಧಿಸ್ವಾಸ್ಥ್ಯವನ್ನು ಕಳೆದುಕೊಂಡಾಗಲೂ ಆ ಅಧಿಕಾರವು ಸಾಮಾನ್ಯವಾಗಿ ಮುಗಿದುಹೋಗುತ್ತದೆ. ಅದು ಅತ್ಯಂತ ಬೇಕಾದ ಗಳಿಗೆಯಲ್ಲಿಯೇ ನಡುನೀರಿನಲ್ಲಿ ಕೈಬಿಡುತ್ತದೆ.

ಹಾಗಾದರೆ ಉಸಿರಿದ್ದೂ ಮಾತಿಲ್ಲದ ಕಾಲಕ್ಕೆ ಗತಿಯೇನು? ಉತ್ತರ ಕನ್ನಡದ ಹಳದೀಪುರದಲ್ಲಿ ಹುಟ್ಟಿ ಮುಂಬಯಿಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗರು, 1973ರಲ್ಲಿ ನಡೆದ ಘಾತುಕ ಹಲ್ಲೆಯ ಬಳಿಕ 2015ರಲ್ಲಿ ತೀರಿಕೊಳ್ಳುವವರೆಗೆ ಅಂತಹ ಸ್ಥಿತಿಯಲ್ಲಿದ್ದರು. ಅವರ ಪರವಾಗಿ ಮಾತಾಡತಕ್ಕವರು ಯಾರೆಂಬ ಪ್ರಶ್ನೆಯು 2011ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ, ಅವರನ್ನು ಅಷ್ಟು ವರುಷ ಸಾಕಿದ ಆಸ್ಪತ್ರೆಯ ಸಿಬ್ಬಂದಿಗೇ ಆ ಸ್ಥಾನವು ಸಂದಿತು. ಅದೇ ನ್ಯಾಯಾಲಯವು 2018ರಲ್ಲಿ ಮುಂಗಡ ವೈದ್ಯಕೀಯ ನಿರ್ದೇಶನಕ್ಕೆ ಮಾನ್ಯತೆಯಿತ್ತು, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಇದೇ ನನ್ನ ಮೂರನೆಯ ಪತ್ರ. ಗುಣವಾಗುವ ಆಸೆಯಿಲ್ಲದಾಗ ಕೃತಕ ಉಸಿರಾಟ ಮೊದಲಾದುವನ್ನು ಮುಂದುವರಿಸಬೇಡಿರೆಂದು ಬರೆದು, ತನ್ನ ಪರವಾಗಿ ಒಪ್ಪಿಗೆ ಕೊಡತಕ್ಕವರನ್ನು ಅದರಲ್ಲಿ ಹೆಸರಿಸಬೇಕು. ಇಬ್ಬರು ಸಾಕ್ಷಿಗಳು ಬೇಕು; ನೋಟರಿಯ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಬೇಕು. ಮುಂದೆ ಅದು ಜಾರಿಗೆ ಬರಬೇಕಾದರೆ ವೈದ್ಯರ ಎರಡು ಮಂಡಲಿಗಳು ಒಪ್ಪಬೇಕು.

ಹೆಸರಿಸುವಲ್ಲಿಯೇ ನಮ್ಮ ಮನೆಯ ಕಷ್ಟವು ಮೊದಲಾಯಿತು. ಮಗನು, "ಅಪ್ಪಾ, ಮನೆ ಯಾರಿಗೆಂದು ನಿಮಗೆ ತೋರಿದಂತೆ ಬರೆಯಿರಿ, ನಿಮ್ಮ ಉಸಿರು ನಿಲ್ಲಿಸಿರೆಂದು ಮಾತ್ರ ನನ್ನ ಬಾಯಿಂದ ಹೇಳಿಸಬೇಡಿರಿ" ಎಂದನು. ನನ್ನ ಹೆಂಡತಿಯು ಎದ್ದು ದೇವರ ಮನೆಗೆ ಹೋದಳು. ಮಗಳು ಬಹಳ ಹೊತ್ತು ಸುಮ್ಮನಿದ್ದು, "ನೀವು ಬರೆಯದೆ ಹೋದರೂ ಆ ದಿನ ಯಾರಾದರೊಬ್ಬರು ಹೇಳಲೇಬೇಕಲ್ಲ. ಬರೆದಿಟ್ಟರೆ ಹೇಳಿದವರು ನೀವಾಗುತ್ತೀರಿ, ನಾನು ಓದಿದವಳಷ್ಟೆ" ಎಂದಳು.

ಅವಳ ಹೆಸರನ್ನೇ ಬರೆದೆನು. ಮಗನು ಇಂದಿಗೂ ಒಪ್ಪಿಲ್ಲ. ಅವನನ್ನು ಬಲಾತ್ಕರಿಸುವ ಇಚ್ಛೆ ನನಗಿಲ್ಲ. ನಾಲ್ಕು ದಿನಗಳ ಮೇಲೆ ಹೆಂಡತಿಯು ತಾನಾಗಿಯೇ, "ನೋವಿಗೆ ಔಷಧ ಕೊಡುವುದನ್ನು ನಿಲ್ಲಿಸುವುದಿಲ್ಲವಷ್ಟೆ?" ಎಂದು ಕೇಳಿದಳು. ರುಜುವಿಗೆ ಮುಂಚೆ ಆ ಮಾತನ್ನೂ ಒಂದು ಸಾಲಾಗಿ ಸೇರಿಸಿದೆನು. ಆ ಪತ್ರದಲ್ಲಿ ಅತ್ಯಂತ ವಿವೇಕದ ಸಾಲು ಅದೇ ಎಂದು ನನಗೆ ತೋರುತ್ತದೆ.

ಉಯಿಲು ಬರೆಯದೆ ಸತ್ತವನ ಆಸ್ತಿಯನ್ನು ಕಾನೂನು ಹೇಗೋ ಹಂಚುತ್ತದೆ. ಈ ಮೂರನೆಯ ಪತ್ರವಿಲ್ಲದಿದ್ದರೆ, ಆಸ್ಪತ್ರೆಯ ಪಡಸಾಲೆಯಲ್ಲಿ ನಿದ್ದೆಗೆಟ್ಟು ನಿಂತ ಮಕ್ಕಳು ತಂದೆಯ ಮನಸ್ಸನ್ನು ಊಹಿಸಬೇಕಾಗುತ್ತದೆ. ಊಹೆಯು ಸರಿಯೋ ತಪ್ಪೋ ಎಂಬ ಸಂದೇಹವನ್ನು ಬಾಳೆಲ್ಲ ಹೊರಬೇಕಾಗುತ್ತದೆ. ಮಕ್ಕಳಿಗೆ ಬಿಟ್ಟುಹೋಗಬಾರದ ಪಿತ್ರಾರ್ಜಿತವೊಂದಿದ್ದರೆ ಅದು ಇದೇ.