ಜೀಪು ಎತ್ತರಿಸುವ ಲೆಕ್ಕ

ಮಲೆನಾಡಿನ ಒಳಹಳ್ಳಿಗಳಲ್ಲಿ ಜೀಪು ಮನೆಯ ಒಬ್ಬ ಆಳಿದ್ದಂತೆ. ಗೊಬ್ಬರದ ಮೂಟೆ, ಕಾಫಿ ಚೀಲ, ಕೆಲಸಕ್ಕೆ ಬರುವವರು, ಹೆರಿಗೆಗೆ ಹೊರಟ ಹೆಂಗಸು, ಶಾಲೆಯ ಮಕ್ಕಳು, ಎಲ್ಲರ ಭಾರವನ್ನೂ ಅದೇ ಹೊರಬೇಕು. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಮೂಡಿಗೆರೆ, ಕಳಸ, ಸಕಲೇಶಪುರದ ಕಡೆ ಡಾಂಬರು ರಸ್ತೆಯಿಂದ ಒಳಗಿರುವ ಎಷ್ಟೋ ಮನೆಗಳಿಗೆ ಅದನ್ನು ಬಿಟ್ಟರೆ ಬೇರೆ ಗತಿಯಿಲ್ಲ. ಮಹೀಂದ್ರ ಕಂಪೆನಿ 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪುಗಳನ್ನು ನಮ್ಮ ದೇಶದಲ್ಲಿ ಜೋಡಿಸತೊಡಗಿತು. ಅಂದಿನಿಂದ ಇದು ದುಡಿಯುವ ಗಾಡಿ. ಚಂದ ನೋಡಿ ಕೊಂಡವರು ಕಡಿಮೆ. 2010ರಲ್ಲಿ ಥಾರ್, 2020ರಲ್ಲಿ ಅದರ ಹೊಸ ರೂಪ ಬಂದ ಮೇಲೆ ಹುಡುಗರ ಕಣ್ಣಿಗೆ ಜೀಪಿನ ಗತ್ತೇ ಬೇರೆಯಾಯಿತು. ಮೊಬೈಲಿನ ವಿಡಿಯೋಗಳಲ್ಲಿ ಆಳೆತ್ತರದ ಜೀಪುಗಳು ಬಂಡೆ ಹತ್ತುತ್ತವೆ, ಹಳ್ಳ ಇಳಿಯುತ್ತವೆ. ಅದನ್ನು ನೋಡಿದ ಹುಡುಗನಿಗೆ ಮನೆಯ ಅಂಗಳದಲ್ಲಿ ನಿಂತ ಹಳೇ ಜೀಪು ಕುಳ್ಳಗೆ ಕಂಡರೆ ಅವನದೇನು ತಪ್ಪು?

ಕಳಸದ ಕಡೆಯ ಒಂದು ತೋಟದ ಮನೆಯಲ್ಲಿ ಹೋದ ವರ್ಷ ಬೇಸಿಗೆ ರಜೆಯಲ್ಲಿ ಇದೇ ಮಾತು ಶುರುವಾಯಿತು. ಮಗ ಹಾಸನದಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮೂರನೇ ವರ್ಷ. ಜೀಪು ಅಪ್ಪ 1996ರಲ್ಲಿ ಕೊಂಡದ್ದು, ಅವನಿಗಿಂತ ಹಿರಿಯದು. ಅದಕ್ಕೆ ಎತ್ತರದ ಸ್ಪ್ರಿಂಗು ಹಾಕಿಸಿ, 31 ಅಂಗುಲದ ಅಗಲ ಟೈರು ಕೂರಿಸಬೇಕು ಎಂಬುದು ಅವನ ಹಟ. ಬೆಂಗಳೂರಿನ ಅಂಗಡಿಯವರು ಹೇಳಿದ ಮೊತ್ತ ಅವನ ಒಂದು ವರ್ಷದ ಹಾಸ್ಟೆಲ್ ಖರ್ಚನ್ನು ದಾಟುತ್ತಿತ್ತು.

ಇದು ಬರೀ ಷೋಕಿಯಾಗಿದ್ದರೆ ಅಪ್ಪ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರೋ ಏನೋ. ಆದರೆ ಹಿಂದಿನ ಜುಲೈನಲ್ಲಿ ಅದೇ ಜೀಪು ಲೈನಿನ ಏಳು ಮಕ್ಕಳನ್ನು ಶಾಲೆಯಿಂದ ಕರೆತರುವಾಗ ಹಳ್ಳದ ಪಕ್ಕದ ದಾರಿಯಲ್ಲಿ ಸಿಕ್ಕಿಬಿದ್ದಿತ್ತು. ಎರಡು ಚಕ್ರದ ಜಾಡುಗಳ ನಡುವೆ ಉಬ್ಬಿದ ದಿಬ್ಬಕ್ಕೆ ಹಿಂದಿನ ಆಕ್ಸಲಿನ ಗುಂಡು ತಗುಲಿ, ಚಕ್ರಗಳು ಗಾಳಿಯಲ್ಲಿ ತಿರುಗಿದ ಹಾಗೆ ಸುಮ್ಮನೆ ತಿರುಗಿದವು. ಸುರಿಯುವ ಮಳೆಯಲ್ಲಿ ಎರಡು ಗಂಟೆ ಮಕ್ಕಳು ಒಳಗೇ ಕುಳಿತಿದ್ದರು. "ಇನ್ನೊಂದು ಸಲ ಹಾಗಾದ್ರೆ ಏನು ಮಾಡ್ತೀರಿ ಅಪ್ಪ?" ಎಂದು ಮಗ ಕೇಳಿದಾಗ ಅಪ್ಪನ ಬಳಿ ಉತ್ತರವಿರಲಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕು, ಏಕೆಂದರೆ ಹಣ ಕಳೆದುಕೊಳ್ಳುವವರು ಹೆಚ್ಚಾಗಿ ಎಡವುವುದು ಇಲ್ಲೇ. ಎತ್ತರದ ಸ್ಪ್ರಿಂಗು ಹಾಕಿದರೆ ಏರುವುದು ಚಾಸಿ ಮತ್ತು ಬಾಡಿ. ಆಕ್ಸಲು ಏರುವುದಿಲ್ಲ. ಅದು ಚಕ್ರದ ನಡುಮಧ್ಯಕ್ಕೆ ಕಟ್ಟಿಕೊಂಡಿರುವ ವಸ್ತು. ಚಕ್ರ ದೊಡ್ಡದಾಗದೆ ಅದು ನೆಲ ಬಿಟ್ಟು ಮೇಲೇಳುವ ಮಾತೇ ಇಲ್ಲ. ಜೀಪಿನಲ್ಲಿ ನೆಲಕ್ಕೆ ಎಲ್ಲಕ್ಕಿಂತ ಹತ್ತಿರವಿರುವುದು ಆಕ್ಸಲಿನ ಮಧ್ಯದ ಗುಂಡನೆಯ ಡಿಫರೆನ್ಷಿಯಲ್. ಅಲ್ಲಿಗೆ ಲಿಫ್ಟ್ ಕಿಟ್ಟಿಗೆ ಸುರಿದ ದುಡ್ಡಿನಿಂದ ಡಿಫರೆನ್ಷಿಯಲ್ ಕೂದಲೆಳೆಯಷ್ಟೂ ಮೇಲೇರಲಿಲ್ಲ ಎಂದಾಯಿತು. ಹಾಗಾದರೆ ಲಿಫ್ಟ್ ಏಕೆ? ದೊಡ್ಡ ಟೈರು ಮಡ್‌ಗಾರ್ಡಿಗೆ ಉಜ್ಜದಂತೆ ಜಾಗ ಮಾಡುವುದಕ್ಕೆ, ಮತ್ತು ಹೊಟ್ಟೆಯ ಕೆಳಗಿನ ಟ್ರಾನ್ಸ್‌ಫರ್ ಕೇಸು, ಮುಂದಿನ ಹಿಂದಿನ ಬಂಪರುಗಳು ಏರಿಗೆ ತಗುಲದಂತೆ ನೋಡಿಕೊಳ್ಳುವುದಕ್ಕೆ.

ಟೈರಿನ ಲಾಭವೂ ಅರ್ಧವೇ. ಹಳೇ ಜೀಪಿನ 6.00-16 ಟೈರಿನ ವ್ಯಾಸ ಸುಮಾರು 28 ಅಂಗುಲ. 31 ಅಂಗುಲದ್ದು ಹಾಕಿದರೆ ವ್ಯಾಸ ಬೆಳೆದದ್ದು ಮೂರು ಅಂಗುಲ. ಆದರೆ ಆಕ್ಸಲು ಇರುವುದು ಮಧ್ಯದಲ್ಲಾದ್ದರಿಂದ ಅದು ಏರುವುದು ಒಂದೂವರೆ ಅಂಗುಲ ಮಾತ್ರ. ಹೈಸ್ಕೂಲಿನ ವೃತ್ತದ ಪಾಠ ಬಲ್ಲ ಯಾರಾದರೂ ಮಾಡಬಹುದಾದ ಲೆಕ್ಕವಿದು. ಹೊಸ ಗಾಡಿಗಳ ಟೈರಿನ ಮೇಲೆ 235/70 ಆರ್ 16 ಎಂಬಂತೆ ಬರೆದಿರುತ್ತದೆ. ಅಗಲ 235 ಮಿಲಿಮೀಟರು, ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ 70 ಭಾಗ, ಅಂದರೆ 164.5 ಮಿಲಿಮೀಟರು, ಒಳಗಿನ ರಿಮ್ಮು 16 ಅಂಗುಲ. ರಿಮ್ಮಿಗೆ ಪಕ್ಕೆಯನ್ನು ಎರಡು ಸಲ ಕೂಡಿಸಿದರೆ ಪೂರ್ತಿ ವ್ಯಾಸ 735 ಮಿಲಿಮೀಟರು, ಸುಮಾರು 29 ಅಂಗುಲ. ಅಂಗಡಿಗೆ ಹೋಗುವ ಮೊದಲು ಈ ಕೂಡುವ ಲೆಕ್ಕ ಮಾಡಿಕೊಂಡು ಹೋದವನನ್ನು ಮಾತಿನಲ್ಲಿ ಮರುಳು ಮಾಡುವುದು ಕಷ್ಟ.

ಮಗ ಅದನ್ನು ಮಾಡಿದ. ಮಾಡಿದ ಮೇಲೆ ಲೆಕ್ಕದ ಬಾಲ ಬೆಳೆಯುತ್ತಲೇ ಹೋಯಿತು. 28ರ ಜಾಗದಲ್ಲಿ 31 ಬಂದರೆ ಸ್ಪೀಡೋಮೀಟರು 40 ಎಂದು ತೋರಿಸುವಾಗ ಜೀಪು ನಿಜಕ್ಕೆ 44ರಲ್ಲಿ ಓಡುತ್ತಿರುತ್ತದೆ. ಚಕ್ರಕ್ಕೆ ಸಿಗುವ ಎಳೆತದ ಬಲ ಹತ್ತರಲ್ಲಿ ಒಂದು ಪಾಲು ಕುಗ್ಗುತ್ತದೆ. ಮೂಟೆ ಹೇರಿ ಏರು ಹತ್ತುವ ಹಳೇ ಡೀಸೆಲ್ ಇಂಜಿನ್ನಿಗೆ ಅದು ಸಣ್ಣ ನಷ್ಟವಲ್ಲ. ಬ್ರೇಕಿಗೂ ಇದೇ ಪಾಡು, ಡ್ರಮ್ಮು ಹಳೆಯದೇ, ತಡೆಯಬೇಕಾದ ಚಕ್ರ ದೊಡ್ಡದು, ಭಾರದ್ದು. ಗೇರಿನ ಕೊರತೆ ತುಂಬಲು ಕ್ರೌನ್-ಪಿನಿಯನ್ ಬದಲಿಸಬೇಕು ಎನ್ನುತ್ತಾರೆ ಬಲ್ಲವರು. ಅದಕ್ಕೆ ಇನ್ನೊಂದು ವರ್ಷದ ಹಾಸ್ಟೆಲ್ ಖರ್ಚು! ಟೈರು ನಾಲ್ಕು ಸಾಲದು, ಸ್ಟೆಪ್ನಿ ಸೇರಿ ಐದು ಬೇಕು ಎಂಬುದನ್ನು ಅಂಗಡಿಯ ಚೀಟಿಯಲ್ಲಿ ಬರೆದಿರಲೇ ಇಲ್ಲ.

ಎತ್ತರಿಸುವ ಬಗೆಗಳೂ ಒಂದೇ ಅಲ್ಲ. ಸ್ಪ್ರಿಂಗು ಪ್ಲೇಟುಗಳ ಕಟ್ಟಿಗೆ ಇನ್ನೊಂದು ಪ್ಲೇಟು ಸೇರಿಸುವುದು ಅಗ್ಗ. ಆದರೆ ಗಾಡಿ ಎತ್ತಿನ ಬಂಡಿಯಂತೆ ಎತ್ತಿಹಾಕುತ್ತದೆ, ಚಕ್ರಗಳು ತಗ್ಗುದಿಣ್ಣೆಗೆ ತಕ್ಕಂತೆ ಬಗ್ಗುವುದಿಲ್ಲ. ಪ್ಲೇಟಿನ ತುದಿಯ ಶ್ಯಾಕಲ್ಲನ್ನು ಉದ್ದ ಮಾಡುವುದು ಇನ್ನೂ ಅಗ್ಗ, ಇನ್ನೂ ಅಪಾಯ. ಎರಡಂಗುಲ ಉದ್ದ ಮಾಡಿದರೆ ಸಿಗುವುದು ಒಂದೇ ಅಂಗುಲ, ಮೇಲಾಗಿ ಮುಂದಿನ ಆಕ್ಸಲಿನ ಓರೆ ಬದಲಾಗಿ ಸ್ಟೀರಿಂಗು ಅಲೆದಾಡತೊಡಗುತ್ತದೆ. ಚಾಸಿಗೂ ಬಾಡಿಗೂ ನಡುವೆ ಬಿಲ್ಲೆ ಇಟ್ಟು ಬಾಡಿಯನ್ನಷ್ಟೇ ಎತ್ತುವವರುಂಟು. ಟೈರಿಗೆ ಜಾಗವಾಗುತ್ತದೆ, ಚಾಸಿ ಇದ್ದಲ್ಲೇ ಇರುತ್ತದೆ. ಆಕ್ಸಲಿನ ಕೆಳಗಿದ್ದ ಸ್ಪ್ರಿಂಗನ್ನು ಅದರ ಮೇಲೆ ಕೂರಿಸುವುದು ದೊಡ್ಡ ಶಸ್ತ್ರಚಿಕಿತ್ಸೆ, ಅದನ್ನು ಸ್ಪರ್ಧೆಯವರಿಗೇ ಬಿಡುವುದು ಲೇಸು. ಇದ್ದುದರಲ್ಲಿ ಸರಿಯಾದ ದಾರಿ ಆ ಎತ್ತರಕ್ಕೆಂದೇ ಕಮಾನು ಕೊಟ್ಟ ಪೂರ್ತಿ ಹೊಸ ಸ್ಪ್ರಿಂಗು, ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರು, ಉದ್ದನೆಯ ಬ್ರೇಕ್ ಹೋಸು. ಹೋಸಿನ ಮಾತನ್ನು ಮರೆತವರ ಗತಿ ಏನಾದೀತು ಎಂದು ಹೇಳಬೇಕಿಲ್ಲ. ಚಾಸಿ ಏರಿದಷ್ಟೂ ಪ್ರೊಪೆಲ್ಲರ್ ಶಾಫ್ಟಿನ ಓರೆ ಹೆಚ್ಚಿ ಅದರ ಕ್ರಾಸುಗಳು ಬೇಗ ಸವೆಯುತ್ತವೆ. ಮುಂದಿನ ಚಕ್ರಗಳು ಬಿಡಿಬಿಡಿಯಾಗಿ ತೂಗುವ 2010ರ ಥಾರಿನಲ್ಲಂತೂ ಟಾರ್ಷನ್ ಬಾರಿನ ಬೋಲ್ಟು ತಿರುವಿ ಎತ್ತರಿಸುವ ಸುಲಭದ ಉಪಾಯವೊಂದಿದೆ. ಚಕ್ರ ಕೆಳಗಿಳಿಯಲು ಬೇಕಾದ ಅವಕಾಶವನ್ನು ತಿಂದುಹಾಕುವ ಉಪಾಯವದು.

ಇಷ್ಟಾದರೂ ಹುಡುಗನ ಮನಸ್ಸು ತಿರುಗಿರಲಿಲ್ಲ. ತಿರುಗಿಸಿದ್ದು ಅವನ ಹೈಸ್ಕೂಲಿನ ಜಾಮಿಟ್ರಿ ಬಾಕ್ಸು. ಹಳ್ಳದ ಪಕ್ಕದ ದಾರಿ ಕಣಿವೆಯ ಕಡೆ ವಾಲಿದೆ. ಎಷ್ಟು ವಾಲಿದೆ ಎಂದು ಮನೆಯಲ್ಲಿ ಯಾರೂ ಅಳೆದಿರಲಿಲ್ಲ. ಅವನು ಕೋನಮಾಪಕವನ್ನು ಹಲಗೆಗೆ ಅಂಟಿಸಿ, ದಾರಕ್ಕೆ ನಟ್ಟೊಂದನ್ನು ಕಟ್ಟಿ ತೂಗುಬಿಟ್ಟು, ಅದನ್ನು ಜೀಪಿನ ಡ್ಯಾಶ್‌ಬೋರ್ಡಿಗೆ ಕಟ್ಟಿದ. ಅಪ್ಪ ನಿಧಾನವಾಗಿ ಓಡಿಸಿದರು. ಸಾಧಾರಣ ಜಾಗದಲ್ಲಿ 12, 14 ಡಿಗ್ರಿ. ಮಳೆನೀರು ಕೊರೆದ ಒಂದು ತಿರುವಿನಲ್ಲಿ ದಾರ 22ಕ್ಕೆ ಹೋಗಿ ನಿಂತಿತು.

ರಾತ್ರಿ ಅವನು ಕಾಗದದ ಮೇಲೆ ಜೀಪು ಬರೆದ. ಎರಡು ಚಕ್ರಗಳ ನಡುವಿನ ಅಗಲ ಸುಮಾರು 48 ಅಂಗುಲ, ಅರ್ಧ 24. ಗುರುತ್ವಕೇಂದ್ರ ನೆಲದಿಂದ 26 ಅಂಗುಲ ಮೇಲಿದೆ ಎಂದುಕೊಂಡರೆ ನಿಂತ ಜೀಪು ಸುಮಾರು 43 ಡಿಗ್ರಿ ವಾಲುವವರೆಗೆ ಮಗುಚುವುದಿಲ್ಲ. ಸ್ಪ್ರಿಂಗು, ಟೈರು ಸೇರಿ ಅದು ನಾಲ್ಕು ಅಂಗುಲ ಮೇಲೇರಿದರೆ 39 ಡಿಗ್ರಿಗೇ ಮಗುಚುತ್ತದೆ. ನಾಲ್ಕು ಡಿಗ್ರಿ ತಾನೇ ಎನ್ನಬಹುದು. ಆದರೆ ಇದು ಕಾಗದದ ಮೇಲೆ, ಕಲ್ಲಿನಂತೆ ನಿಂತ ಖಾಲಿ ಜೀಪಿನ ಲೆಕ್ಕ. ಒಳಗೆ ಏಳು ಮಕ್ಕಳು ಕೂತು, ಮೇಲೆ ಕ್ಯಾರಿಯರಿನಲ್ಲಿ ಮೂಟೆಯಿದ್ದು, ಸ್ಪ್ರಿಂಗುಗಳು ಕಣಿವೆಯ ಬದಿಗೆ ಕುಗ್ಗಿ, ಆ ಹೊತ್ತಿಗೇ ಮೇಲಿನ ಚಕ್ರ ಒಂದು ಕಲ್ಲಿನ ಮೇಲೇರಿದರೆ ಮಿಗುವ ಅಂತರ ಎಷ್ಟು? ಅಗಲದ ರಿಮ್ಮು ಹೊರಚಾಚಿದರೆ ಒಂದಿಷ್ಟು ಸ್ಥಿರತೆ ಮರಳಿ ಬರುತ್ತದೆ ನಿಜ, ಆದರೆ ಆ ಭಾರವನ್ನು ಚಕ್ರದ ಬೇರಿಂಗುಗಳು ಹೊರಬೇಕು. ಅಮೆರಿಕದಲ್ಲಿ ಸರ್ಕಾರದ ಸುರಕ್ಷತಾ ಇಲಾಖೆ ವಾಹನಗಳು ಮಗುಚುವ ಸಂಭವವನ್ನು ಅಂದಾಜು ಮಾಡಲು ಆಧಾರ ಮಾಡಿಕೊಂಡದ್ದೂ ಇದೇ ಅನುಪಾತವನ್ನು, ಚಕ್ರಗಳ ಅಂತರದ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಿದ್ದನ್ನು. ಹುಡುಗ ಆ ಹಾಳೆಯನ್ನು ಅಪ್ಪನಿಗೆ ತೋರಿಸಿದ. ಅಪ್ಪ ಬಹಳ ಹೊತ್ತು ನೋಡಿ, "ನಾಳೆ ಆ ತಿರುವಿಗೆ ಮೊದಲು ಮಣ್ಣು ಹಾಕಿಸ್ಬೇಕು ಮಾರಾಯ" ಎಂದರಂತೆ.

ಕಾನೂನಿನ ಮಾತು ಬೇರೆಯೇ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಗೊತ್ತುಪಡಿಸಿದ್ದಕ್ಕೆ ಹೊಂದದಂತೆ ಮಾಲೀಕ ವಾಹನವನ್ನು ಮಾರ್ಪಡಿಸಕೂಡದು. ಕೇರಳ ಹೈಕೋರ್ಟು ಸಡಿಲವಾಗಿ ಅರ್ಥ ಮಾಡಿದ್ದ ಈ ನಿಯಮವನ್ನು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಬಿಗಿಯಾಗಿಯೇ ಎತ್ತಿಹಿಡಿಯಿತು. ರಸ್ತೆಯಲ್ಲಿ ಹಿಡಿದು ದಂಡ ಹಾಕುವುದು ಒಂದು ಕಡೆ. ಅಪಘಾತವಾದ ಮೇಲೆ ವಿಮೆಯವರು ಇದೇ ನೆಪ ತೆಗೆದರೆ ಬೀಳುವ ಹೊರೆ ಇನ್ನೊಂದು ಕಡೆ. ಮಗ ಗಾಡಿ ತಿದ್ದುತ್ತಾನೆ, ಪತ್ರದಲ್ಲಿರುವುದು ಅಪ್ಪನ ಹೆಸರು. ಹೊಸ ಗಾಡಿ ಕೊಂಡವರು ಅದೇ ಮಾದರಿಗೆ ಕಂಪೆನಿಯೇ ಗೊತ್ತುಪಡಿಸಿದ ಟೈರಿನ ಅಳತೆಗಳು ಯಾವುವು ಎಂದು ಮೊದಲು ಕೇಳಿ ತಿಳಿಯುವುದು ಕ್ಷೇಮ.

ಜೀಪನ್ನು ಕೊನೆಗೆ ಪೇಟೆಯ ಗ್ಯಾರೇಜಿಗೆ ಒಯ್ದರು. ಅಲ್ಲಿನ ಮೇಸ್ತ್ರಿ ಕೆಳಗೆ ತೂರಿ ನೋಡಿ ನಕ್ಕ. "ಸಣ್ಣ ಗೌಡ್ರೆ, ಎತ್ತರ ಮಾಡೋದು ಆಮೇಲೆ. ಇದು ತಗ್ಗಾಗಿದ್ದು ಎಷ್ಟು ಅಂತ ನೋಡಿದ್ರಾ?" ಇಷ್ಟು ವರ್ಷ ಮೂಟೆ ಹೊತ್ತು ಹಿಂದಿನ ಸ್ಪ್ರಿಂಗು ಪ್ಲೇಟುಗಳು ಕಮಾನು ಕಳೆದುಕೊಂಡು ಹೆಚ್ಚುಕಡಿಮೆ ಚಪ್ಪಟೆಯಾಗಿದ್ದವು. ಅದೇ ಮಾದರಿಯ, ಹೊಸ ಪ್ಲೇಟು ಹಾಕಿದ ಇನ್ನೊಂದು ಜೀಪಿನ ಪಕ್ಕ ನಿಲ್ಲಿಸಿ ಅಳೆದಾಗ ಇದು ಒಂದೂಮುಕ್ಕಾಲು ಅಂಗುಲ ಕೆಳಗಿತ್ತು. ಟೈರಿನ ಹಲ್ಲುಗಳೂ ಸವೆದು ಹೋಗಿದ್ದವು. ಆಳವಾದ ಹಲ್ಲಿನ ಹೊಸ ಟೈರು ಹಾಕಿದರೆ ಆಕ್ಸಲಿಗೇ ಅರ್ಧ ಅಂಗುಲದ ಹತ್ತಿರ ಎತ್ತರ ಸಿಗುತ್ತದೆ. ಬೇಕಿದ್ದುದರಲ್ಲಿ ಒಂದು ಪಾಲು ಅಲ್ಲೇ ಬಂತು, ಕಾಯ್ದೆಗೆ ಯಾವ ತಕರಾರೂ ಇಲ್ಲದೆ.

ಟೈರಿನ ಅಗಲದ ಬಗ್ಗೆ ಮೇಸ್ತ್ರಿಯದು ಖಚಿತ ಅಭಿಪ್ರಾಯ, ಅದು ಸರಿಯೂ ಹೌದು. ಮರಳಿನಲ್ಲಿ ಅಗಲದ ಟೈರು ತೇಲಿಕೊಂಡು ಹೋಗುತ್ತದೆ. ಮಲೆನಾಡಿನ ತೋಟದ ದಾರಿಯಲ್ಲಿ ಮೇಲೆ ಒಂದು ಗೇಣು ಕೆಸರು, ಕೆಳಗೆ ಗಟ್ಟಿ ನೆಲ. ಇಲ್ಲಿ ಬೇಕಾದದ್ದು ಕೆಸರನ್ನು ಸೀಳಿ ನೆಲಕ್ಕೆ ಕಾಲೂರುವ ಕಿರಿದಾದ ಟೈರು, ಹಳೇ ಮಿಲಿಟರಿ ಮಾದರಿಯ ಒರಟು ಹಲ್ಲಿನದು. ತೀರಾ ಜಾರುವ ಜಾಗದಲ್ಲಿ ಗಾಳಿ ಸ್ವಲ್ಪ ಇಳಿಸಿ ದಾಟಿ, ಡಾಂಬರು ರಸ್ತೆ ಸೇರುವ ಮೊದಲು ಪಂಪಿನಿಂದ ತುಂಬಿಕೊಳ್ಳಬಹುದು. ಅದಕ್ಕೂ ಬಗ್ಗದಿದ್ದರೆ ಚಕ್ರಕ್ಕೆ ಚೈನು ಕಟ್ಟುವುದು ಇದ್ದೇ ಇದೆ.

ದಿಬ್ಬದ ಸಮಸ್ಯೆಗೆ ಪರಿಹಾರ ಹೇಳಿದ್ದು ಮಾತ್ರ ಅಜ್ಜಿ. ಎತ್ತರದ ಜೀಪಿಗೆ ಹತ್ತಲು ತನ್ನ ಮಂಡಿ ಬಾಗುವುದಿಲ್ಲ ಎಂಬ ಚಿಂತೆಯಲ್ಲಿದ್ದ ಆಕೆ, "ಜೀಪು ಎತ್ತರ ಮಾಡೋಕೆ ಅಷ್ಟು ದುಡ್ಡು ಯಾಕೋ? ಆ ದಿಬ್ಬವನ್ನೇ ಕಡಿಸಬಾರ್ದಾ?" ಎಂದರು. ಇಬ್ಬರು ಆಳು, ಎರಡು ದಿನ, ಪಿಕಾಸಿ ಗುದ್ದಲಿ. ವಾಲಿದ ತಿರುವಿಗೆ ಹೊರಬದಿಯಲ್ಲಿ ಕಲ್ಲು ಕಟ್ಟಿ ಮಣ್ಣು ತುಂಬಿಸಿದರು. ಮಗ ಮತ್ತೆ ಕೋನಮಾಪಕ ಕಟ್ಟಿ ನೋಡಿದಾಗ ದಾರ 13ರಲ್ಲಿ ನಿಂತಿತು.

ಆ ಮಳೆಗಾಲದಲ್ಲಿ ಜೀಪು ಒಂದೇ ಸಲ ನಿಂತಿತು, ಚೈನು ಕಟ್ಟಿದ ಮೇಲೆ ಹೊರಟಿತು. 31 ಅಂಗುಲದ ಟೈರಿನ ಚಿತ್ರ ಹುಡುಗನ ಮೊಬೈಲಿನಲ್ಲಿ ಇನ್ನೂ ಇದೆ. ಸಂಬಳ ಬರತೊಡಗಿದ ಮೇಲೆ ಗುಜರಿ ಜೀಪೊಂದನ್ನು ಕೊಂಡು, ರಸ್ತೆಗೆ ಇಳಿಸದೆ ಸ್ಪರ್ಧೆಗೆಂದೇ ಕಟ್ಟುತ್ತಾನಂತೆ. ಅದಕ್ಕೆ ರೋಲ್ ಕೇಜಿನ ಲೆಕ್ಕವನ್ನು ಈಗಲೇ ಶುರು ಮಾಡಿದ್ದಾನೆ.