ಮಡಚಿಟ್ಟ ಚೀಟಿ

ನಮ್ಮ ವೈನಿಗೆ ಮೂರು ತಿಂಗಳ ಗರ್ಭ ಇಳಿದಾಗ ಅವಳೊಡನೆ ಆಸ್ಪತ್ರೆಗೆ ಹೋದವಳು ನಾನು. ಕರಜಗಿಯಿಂದ ಅಕ್ಕಲಕೋಟೆ, ಅಲ್ಲಿಂದ ಮುಂದೆ ನಗರ. ದಾರಿಯುದ್ದಕ್ಕೂ ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡೇ ಇದ್ದಳು. "ತಾನಾಗಿ ಹೋಯಿತೋ, ಕಳೆದುಕೊಂಡೆಯೋ?" ಎಂದು ದಾದಿಯೊಬ್ಬರು ಎಲ್ಲರೆದುರು ಮರಾಠಿಯಲ್ಲಿ ಗದರಿದರು. ಅಫಜಲಪುರದ ಕಡೆಯಿಂದ ಬಂದ ವೈನಿಗೆ ಮಾತು ತಿಳಿಯಲಿಲ್ಲ, ಗದರಿಕೆ ತಿಳಿಯಿತು.

ಗರ್ಭಕೋಶ ಸ್ವಚ್ಛಗೊಳಿಸಿ ಸಂಜೆಗೇ ಮನೆಗೆ ಕಳಿಸಿದರು. ಕೈಗೆ ನಾಲ್ಕು ಗುಳಿಗೆ, ಒಂದು ಚೀಟಿ. "ಏನು ಬರದಾರವಾ ಇದ್ರಾಗ?" ಎಂದು ವೈನಿ ಕೇಳಿದಳು. ಮರಾಠಿ ಓದಬಲ್ಲ ನಾನು, "ಗುಳಿಗಿ ಹೆಸರು ಅಷ್ಟ" ಎಂದೆ. ಊರಿಗೆ ಸುದ್ದಿಯಾಗಬಾರದೆಂಬ ಆತುರದಲ್ಲಿ ಅದನ್ನು ಮಡಚಿ ಸೀರೆಗಳ ಕೆಳಗಿಟ್ಟೆ. ಐದನೆಯ ದಿನ ಅವಳ ಮೈ ಕೆಂಡವಾಯಿತು. ಆಗ ತೆಗೆದು ಓದಿದೆ: ಜ್ವರ ಬಂದರೆ ಕೂಡಲೇ ಬರತಕ್ಕದ್ದು. ದೇವರು ದೊಡ್ಡವನು, ವೈನಿ ಉಳಿದಳು.

ಉಳಿಯದವರೂ ಇದ್ದಾರೆ. ನಮ್ಮ ಬೆಳಗಾವಿಯ ಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ, 17 ವಾರಗಳ ಗರ್ಭ ಇಳಿಯತೊಡಗಿದಾಗ ಐರ್ಲೆಂಡಿನ ಗಾಲ್ವೇ ನಗರದ ಆಸ್ಪತ್ರೆ ಸೇರಿದ್ದರು. ಗರ್ಭ ತೆಗೆಯಿರೆಂದು ಕೇಳಿಕೊಂಡರೂ ಅಲ್ಲಿಯ ಕಾನೂನಿನ ಹೆಸರಿನಲ್ಲಿ ನಿರಾಕರಿಸಲಾಯಿತು; ನಂಜೇರುತ್ತಿದ್ದುದನ್ನು ಸಕಾಲದಲ್ಲಿ ಗುರುತಿಸಲಿಲ್ಲ. 2012ರ ಅಕ್ಟೋಬರ್ 28ರಂದು, 31ರ ವಯಸ್ಸಿನಲ್ಲಿ, ಅವರು ತೀರಿಕೊಂಡರು. 2018ರಲ್ಲಿ ಜನಮತದಿಂದ ಆ ದೇಶವು ಸಂವಿಧಾನವನ್ನೇ ಬದಲಿಸಿತು.

ನಮ್ಮಲ್ಲಿ ಕಾನೂನು 1971ರಿಂದಲೇ ಇದೆ. ವಯಸ್ಕ ಸ್ತ್ರೀಗೆ ತನ್ನ ಒಪ್ಪಿಗೆಯೊಂದೇ ಸಾಕು. 2021ರ ತಿದ್ದುಪಡಿಯ ಪ್ರಕಾರ ಗರ್ಭಪಾತ ಮಾಡಿಸಿಕೊಂಡವಳ ಹೆಸರನ್ನು ಅನಧಿಕೃತವಾಗಿ ಹೊರಗೆಡಹುವುದು ಶಿಕ್ಷಾರ್ಹ. ಆದರೆ ಚಿಕಿತ್ಸೆ ಮುಗಿದ ಮೇಲೆ ಹೇಳಬೇಕಾದ ನಾಲ್ಕು ಮಾತುಗಳನ್ನು ಕಾನೂನು ಬಂದು ಹೇಳುವುದಿಲ್ಲ. ತಾನಾಗಿ ಇಳಿದಿರಲಿ, ತೆಗೆಸಿರಲಿ, ಆರೈಕೆ ಒಂದೇ. ಗಂಟೆಗೆ ಎರಡು ಪ್ಯಾಡು ತೊಯ್ಯುವಂತೆ ಎರಡು ಗಂಟೆ ರಕ್ತ ಹೋದರೆ, ಜ್ವರ ಬಂದರೆ, ಸ್ರಾವ ನಾತ ಹೊಡೆದರೆ, ಹೊಟ್ಟೆನೋವು ತಡೆಯದಾದರೆ, ತಲೆಸುತ್ತಿ ಬಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮುಂದಿನ ಮುಟ್ಟಿಗೆ ಮೊದಲೇ ಮತ್ತೆ ಗರ್ಭ ನಿಲ್ಲಬಹುದಾದ್ದರಿಂದ, ಬೇಡವೆನ್ನುವವಳಿಗೆ ಅದರ ಉಪಾಯವನ್ನು ಅಂದೇ ತಿಳಿಸಬೇಕು. ಇದನ್ನೆಲ್ಲ ಅವಳಿಗೆ ತಿಳಿಯುವ ಭಾಷೆಯಲ್ಲಿ, ಗದರದೆ ಹೇಳಬೇಕು.

ಗಡಿಯಲ್ಲಿ ಕನ್ನಡ ಉಳಿಯಲೆಂದು ನಾವು ಪ್ರತಿ ಸಮ್ಮೇಳನದಲ್ಲೂ ಗೊತ್ತುವಳಿ ಮಾಡುತ್ತೇವೆ. ಶಾಲೆಗೆ, ಫಲಕಕ್ಕೆ ಕನ್ನಡ ಕೇಳುತ್ತೇವೆ. ಹೆಣ್ಣುಮಗಳೊಬ್ಬಳು ಆಸ್ಪತ್ರೆಯಿಂದ ಮರಳುವಾಗ ಅವಳ ಕೈಯ ಚೀಟಿಯಲ್ಲಿಯೂ ಕನ್ನಡ ಬೇಕೆಂದು ಈ ಸಂಘದ ಬಂಧುಗಳು ಕೇಳಲಿ. ಆ ಕೆಲಸವಾಗುವವರೆಗೆ, ಓಣಿಯ ಯಾರೇ ಅಂಥ ಚೀಟಿ ತಂದರೂ ನಾನು ಅದರ ಬೆನ್ನಿನ ಮೇಲೆ ಕನ್ನಡದಲ್ಲಿ ಬರೆದು, ಓದಿ ಹೇಳಿಯೇ ಕೊಡುತ್ತೇನೆ. ಮಡಚುವುದನ್ನು ಅವರಿಗೇ ಬಿಡುತ್ತೇನೆ.