ಕೋಡಿಯಲ್ಲಿ ಒಂಬತ್ತೂಕಾಲು

ಒಂಬತ್ತು ಗಂಟೆಗೆ ಇನ್ನೆರಡು ನಿಮಿಷ. ಹೊರಗೆ ಜುಲೈ ಮಳೆ. ಅಳಿವೆಯಾಚೆಯ ಗಂಗೊಳ್ಳಿ ಕಾಣುವುದಿಲ್ಲ, ಈಚೆಯ ಲೈಟ್‌ಹೌಸೂ ಅರ್ಧಕ್ಕೆ ಮಾಯ. ಕರೆಂಟು ರಾತ್ರಿಯೇ ಹೋಗಿದೆ. ಚಾವಡಿಯ ಮೂಲೆಯಲ್ಲಿ ಅಕ್ಕನ ಮಗ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿದ್ದಾನೆ. ಇನ್ವರ್ಟರ್ ಆಗಾಗ ಕುಂಯ್ ಎನ್ನುತ್ತಿದೆ.

ಒಂಬತ್ತಕ್ಕೆ ಪ್ರೀ-ಓಪನ್ ತೆರೆಯಿತು. ಆರ್ಡರುಗಳು ಬಂದು ಸೇರುತ್ತಿವೆ, ವ್ಯಾಪಾರ ಮಾತ್ರ ಇನ್ನೂ ಇಲ್ಲ. ಯಾವ ಬೆಲೆಗೆ ಅತಿ ಹೆಚ್ಚು ಶೇರು ಕೈ ಬದಲಾದೀತು ಎಂದು ಯಂತ್ರ ಲೆಕ್ಕ ಹಾಕುತ್ತದೆ. ಸಂತೆ ನೆರೆಯುವುದು ಒಂಬತ್ತೂಕಾಲಿಗೆ.

"ಈಗ ಕಾಣಿ ಮಾವ."

ಪರದೆಯ ತುದಿಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಪಟ್ಟಿ. ಎಡಕ್ಕೆ ನೀಲಿ, ಕೊಳ್ಳುವವರು. ಬಲಕ್ಕೆ ಕೆಂಪು, ಮಾರುವವರು. ಎರಡೂ ಕಡೆ ಐದೈದೇ ಸಾಲು. ಒಂದೊಂದು ಸಾಲಿನಲ್ಲೂ ಬೆಲೆ, ಎಷ್ಟು ಆರ್ಡರು, ಎಷ್ಟು ಶೇರು. ಯಾರು ಎಂಬುದೊಂದು ಇಲ್ಲ. ಹೆಚ್ಚು ಕೊಡುವವನು ನೀಲಿಯ ನೆತ್ತಿಯಲ್ಲಿ, ಕಡಿಮೆ ಕೇಳುವವನು ಕೆಂಪಿನ ನೆತ್ತಿಯಲ್ಲಿ. ಬೆಲೆ ಒಂದೇ ಆದರೆ ಮೊದಲು ಬಂದವನಿಗೆ ಮೊದಲು. ಸೊಸೈಟಿಯ ಅಕ್ಕಿ ಕ್ಯೂ ಇದ್ದಂತೆ, ನೂಕಾಟವಿಲ್ಲ ಅಷ್ಟೆ. 1994ರ ನವೆಂಬರಿನಲ್ಲಿ ಎನ್‌ಎಸ್‌ಇ ಶೇರುಪೇಟೆಯನ್ನು ಪರದೆಗೆ ತಂದಾಗ ದಲಾಲ್ ಸ್ಟ್ರೀಟಿನ ಹಳೆ ಪೇಟೆಯಲ್ಲಿ ಇನ್ನೂ ಕೂಗಿಯೇ ಕೊಳ್ಳುತ್ತಿದ್ದರು. ಅಮೆರಿಕದಲ್ಲಿ ಐಲ್ಯಾಂಡ್ ಎಂಬ ಜಾಲ ತನ್ನ ಆರ್ಡರ್ ಪುಸ್ತಕವನ್ನು ಯಾರು ಬೇಕಾದರೂ ನೋಡಲಿ ಎಂದು ತೆರೆದಿಟ್ಟದ್ದು ಆ ದಶಕದ ಕೊನೆಗೆ. ಈಗ ಕೋಡಿಯ ಮಾಣಿಗೂ ಐದು ಸಾಲು ಪುಕ್ಕಟೆ.

ನೀಲಿಯ ನೆತ್ತಿ 212.40. ಕೆಳಗೆ 39, 38, 37, 36. ರೂ. 250ಕ್ಕಿಂತ ಕೆಳಗಿನ ಶೇರಿಗೆ 2024ರ ಜೂನ್‌ನಿಂದ ಬೆಲೆಯ ಮೆಟ್ಟಿಲು ಒಂದೇ ಪೈಸೆ. ಮೊದಲು ಐದು ಪೈಸೆ ಇತ್ತು. ಅಂದರೆ ಅದೇ ಐದು ಸಾಲು, ಕಾಣುವ ಆಳ ಮಾತ್ರ ಕಮ್ಮಿ. ನಾಕು ಪೈಸೆ ಕೆಳಗೆ ಏನಿದೆಯೋ, ಮಳೆಗಾಲದ ಅಳಿವೆ.

ಮಾಣಿಯ ಬೆರಳು ಕೊನೆಯ ಸಾಲಿನ ಮೇಲೆ ನಿಂತಿತು. ಆರ್ಡರು 1, ಶೇರು 25,000. ಐವತ್ತಮೂರು ಲಕ್ಷದ ಒಂದೇ ಗಿರಾಕಿ!

"ಅದ್ ಗೋಡೆ ಮಾವ. ಇದ್ರಿಂದ ಕೆಳಗ್ ಹೋಪುದಿಲ್ಲ."

ಗೋಡೆಗೆ ಬೆನ್ನು ಕೊಟ್ಟು 212.41ಕ್ಕೆ ನೂರು ಶೇರು ಕೊಂಡ. ನಾನು ಚಾ ಲೋಟಕ್ಕೆ ಕೈ ಹಾಕಿದೆ. ತಿರುಗಿ ನೋಡುವಾಗ ಗೋಡೆ ಇಲ್ಲ. ಮಾರಾಟವಾದದ್ದಲ್ಲ, ಹಿಂದಕ್ಕೆ ತೆಗೆದದ್ದು. ತೋರಿಸಿ ಮರುಳು ಮಾಡಲೆಂದೇ ಆರ್ಡರ್ ಇಡುವುದು ಶೇರುಪೇಟೆಯ ಕಾವಲು ಕಾಯುವ ಸೆಬಿಯ ನಿಯಮದಲ್ಲಿ ತಪ್ಪು. ಆದರೆ ಮನಸ್ಸು ಬದಲಾಗಿ ತೆಗೆದವನಿಗೂ ಮರುಳು ಮಾಡಿದವನಿಗೂ ಈ ಪಟ್ಟಿಯಲ್ಲಿ ಮುಖ ಒಂದೇ. ಇದರ ಉಲ್ಟಾ ಆಟವೂ ಉಂಟು: ದೊಡ್ಡ ಆರ್ಡರಿನ ಹತ್ತನೇ ಒಂದು ಪಾಲು ತೋರಿಸಿ ಉಳಿದದ್ದನ್ನು ಅಡಗಿಸಿಡಬಹುದು. ಅದಕ್ಕೆ ನಿಯಮದ ಒಪ್ಪಿಗೆಯೇ ಇದೆ. ಮತ್ತೆ, ಮುಂಬೈಯಲ್ಲಿ ಎಕ್ಸ್‌ಚೇಂಜಿನ ಮಗ್ಗುಲಲ್ಲೇ ಕಂಪ್ಯೂಟರ್ ಇಟ್ಟವರು ಇದನ್ನೆಲ್ಲ ಕಂಡು, ಕೊಂಡು, ಮಾರಿ ಮುಗಿಸಿದ ಮೇಲೆ ನಮ್ಮ ಚಾವಡಿಗೆ ಚಿತ್ರ ಬರುವುದು.

212.20. 212.05. ಸಂಖ್ಯೆಗಳು ಕಣ್ಣು ಮಿಟುಕಿಸಿದ ಹಾಗೆ ಬದಲಾಗುತ್ತಿವೆ. 211.93ಕ್ಕೆ ಮಾರಿ ಕೈ ತೊಳೆದ. ನಲವತ್ತೆಂಟು ರೂಪಾಯಿ ನಷ್ಟ, ದಲಾಲಿ, ತೆರಿಗೆ ಬೇರೆ. ದಿನದೊಳಗೆ ಕೊಂಡು ಮಾರುವವರಲ್ಲಿ ಹತ್ತಕ್ಕೆ ಏಳು ಮಂದಿ ಕಳೆದುಕೊಳ್ಳುತ್ತಾರೆ ಎಂದು 2024ರಲ್ಲಿ ಸೆಬಿಯೇ ಲೆಕ್ಕ ಕೊಟ್ಟಿದೆ. ಅದು ನನ್ನ ಬಾಯಿಯವರೆಗೆ ಬಂದಿತ್ತು, ನುಂಗಿಕೊಂಡೆ.

"ಹೋಯ್ತ್ ಮಾವ," ಎಂದ. ಅಷ್ಟೇ.

ಗೇಟಿನ ಹತ್ತಿರ ಮೀನಿನವಳ ಕೂಗು. ಬೋಟುಗಳಿಗೆ ತಿಂಗಳ ಕೊನೆಯವರೆಗೆ ರಜೆ, ಇದು ನಾಡದೋಣಿಯ ಬಂಗ್ಡೆ. ಅಕ್ಕ ಕೊಡೆ ಹಿಡಿದು ಇಳಿದಳು.

"ನೂರಕ್ಕೆ ಎಷ್ಟ್?"

"ಎಂಟ್."

"ಹನ್ನೆರ್ಡ್ ಹಾಕ್."

ಮೀನಿನವಳು ಮಾತಾಡದೆ ಬುಟ್ಟಿ ಎತ್ತಿ ತಲೆಗಿಟ್ಟು ತಿರುಗಿಯೇಬಿಟ್ಟಳು. ನಾನು ಕರೆಯಬೇಕೆಂದಿದ್ದೆ. ಅಕ್ಕ ಒಮ್ಮೆ ಅವಳ ಮುಖ ನೋಡಿ, ಏನೂ ಹೇಳದೆ, ಪಾತ್ರೆ ತರಲು ಒಳಗೆ ಹೋದಳು.